ಕೆಲಸ ಮುಗಿಸಿದ ಕಣ ಎಲ್ಲಿಗೆ ಹೋಗುತ್ತದೆ?

ಕಾರ್ಬನ್ ಟೆಟ್ರಾಕ್ಲೋರೈಡ್ ಸುಲಭಕ್ಕೆ ಮಣಿಯುವ ವಸ್ತುವಲ್ಲ. ನಡುವೆ ಒಂದು ಇಂಗಾಲ, ಸುತ್ತ ನಾಲ್ಕು ಕ್ಲೋರಿನ್, ಅಷ್ಟೇ ಅದರ ರಚನೆ. ಒಂದು ಕಾಲಕ್ಕೆ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಬಟ್ಟೆಯ ಜಿಡ್ಡು ತೆಗೆಯಲು ಇದನ್ನೇ ಬಳಸುತ್ತಿದ್ದರು. ಬೆಂಕಿ ಆರಿಸುವ ಉಪಕರಣಗಳಲ್ಲೂ ತುಂಬಿಡುತ್ತಿದ್ದರು. ಯಕೃತ್ತಿಗೆ ವಿಷ, ಓಝೋನ್ ಪದರಕ್ಕೆ ಕೇಡು ಎಂದು ಗೊತ್ತಾದ ಮೇಲೆ ಅದನ್ನು ದೂರವಿಟ್ಟರು. ಅಷ್ಟರಲ್ಲಿ ನೆಲಕ್ಕೂ ನೀರಿಗೂ ಸೇರಬೇಕಾದಷ್ಟು ಸೇರಿಯಾಗಿತ್ತು. ಈ ದ್ರವದಲ್ಲಿ ಬೆಳ್ಳಿಯ ನಾಣ್ಯವೊಂದನ್ನು ಹಾಕಿಟ್ಟರೆ ನಾಣ್ಯಕ್ಕೂ ಏನೂ ಆಗದು, ದ್ರವಕ್ಕೂ ಏನೂ ಆಗದು.

2003ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮದ್ರಾಸ್ ಐಐಟಿಯ ಎ. ಶ್ರೀಕುಮಾರನ್ ನಾಯರ್ ಮತ್ತು ಟಿ. ಪ್ರದೀಪ್ ಒಂದು ಪ್ರಬಂಧ ಪ್ರಕಟಿಸಿದರು. ಅದೇ ಬೆಳ್ಳಿಯನ್ನು ನ್ಯಾನೋ ಕಣಗಳಾಗಿ ಮಾಡಿ ಬಿಟ್ಟರೆ ಕೋಣೆಯ ಉಷ್ಣಾಂಶದಲ್ಲೇ ಕಾರ್ಬನ್ ಟೆಟ್ರಾಕ್ಲೋರೈಡ್ ಮುರಿದು ಬೀಳುತ್ತದೆ ಎಂಬುದು ಅದರ ಸಾರ. ಕ್ಲೋರಿನ್ ಹೋಗಿ ಬೆಳ್ಳಿಯನ್ನು ಕೂಡಿಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇಂಗಾಲ ಬರಿಯ ಮಸಿಯಾಗಿ ಉಳಿಯುತ್ತದೆ. ಕುಲುಮೆ ಬೇಡ, ಕರೆಂಟು ಬೇಡ, ಬೇರೆ ಆಮ್ಲ ಕ್ಷಾರಗಳೂ ಬೇಡ.

ಬೆಳ್ಳಿಗೆ ಈ ಹೊಸ ಗುಣ ಎಲ್ಲಿಂದ ಬಂತು? ಲೋಹ ಬದಲಾಗಿಲ್ಲ, ಅದರ ಮೈ ಬದಲಾಗಿದೆ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಬೆಳ್ಳಿಯ ಗಟ್ಟಿ ತೂಗಿದರೆ ಹತ್ತೂವರೆ ಗ್ರಾಂ, ಅಂದರೆ ಒಂದು ತೊಲಕ್ಕೆ ಸ್ವಲ್ಪ ಕಡಿಮೆ. ಆರು ಮುಖ ಸೇರಿ ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದೇ ಗಟ್ಟಿಯನ್ನು ಒಂದು ನ್ಯಾನೋಮೀಟರ್ ಅಳತೆಯ, ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಅಳತೆಯ ಘನಗಳಾಗಿ ತುಂಡರಿಸಿದರೆ ಎಲ್ಲದರ ಮೇಲ್ಮೈ ಕೂಡಿ 6,000 ಚದರ ಮೀಟರ್ ಆಗುತ್ತದೆ. ಹತ್ತೂವರೆ ಗ್ರಾಂ ಬೆಳ್ಳಿಗೆ ಒಂದೂವರೆ ಎಕರೆ ಮೈ! ಗಟ್ಟಿಯ ಒಳಗಿದ್ದ ಪರಮಾಣುವಿಗೆ ಎಲ್ಲ ದಿಕ್ಕಿನಲ್ಲೂ ಜೊತೆಗಾರರಿರುತ್ತಾರೆ. ಅಂಚಿಗೆ, ಮೂಲೆಗೆ ಬಂದು ನಿಂತ ಪರಮಾಣುವಿಗೆ ಅರ್ಧದಷ್ಟೂ ಇರುವುದಿಲ್ಲ. ಹಾಗಾಗಿ ಹತ್ತಿರ ಸುಳಿದದ್ದನ್ನು ಹಿಡಿದುಕೊಳ್ಳುವ ಆತುರ ಅದಕ್ಕೆ. ನ್ಯಾನೋ ವಸ್ತುಗಳಿಂದ ಪರಿಸರಕ್ಕೆ ಆಗುವ ಉಪಕಾರವೂ ಅಪಕಾರವೂ ಈ ಒಂದು ಆತುರದಿಂದಲೇ ಹುಟ್ಟುತ್ತವೆ.

ಪ್ರಬಂಧ ಬಂದ ವರ್ಷವನ್ನು ಸ್ವಲ್ಪ ನೆನಪಿಸಿಕೊಳ್ಳಿ. 2003ರ ಫೆಬ್ರುವರಿಯಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಬಾಟಲಿ ನೀರಿನಲ್ಲಿ ಕೀಟನಾಶಕದ ಅಂಶಗಳಿವೆ ಎಂದು ವರದಿ ಕೊಟ್ಟಿತು. ಆಗಸ್ಟ್‌ನಲ್ಲಿ ತಂಪು ಪಾನೀಯಗಳ ಸರದಿ. ಲಿಂಡೇನ್, ಡಿಡಿಟಿ, ಮ್ಯಾಲಾಥಿಯಾನ್, ಕ್ಲೋರ್‌ಪೈರಿಫಾಸ್ ಎಂಬ ಹೆಸರುಗಳು ಕೃಷಿ ಇಲಾಖೆಯ ಕರಪತ್ರದಿಂದ ಎದ್ದು ದಿನಪತ್ರಿಕೆಯ ಮುಖಪುಟಕ್ಕೆ ಬಂದವು. ಗಲಾಟೆ ಎಷ್ಟಾಯಿತೆಂದರೆ ಸಂಸತ್ತು ಜಂಟಿ ಸಮಿತಿಯನ್ನೇ ನೇಮಿಸಬೇಕಾಯಿತು. ಈ ಹೆಸರುಗಳಲ್ಲಿ ಹೆಚ್ಚಿನವುಗಳ ಮೈಯಲ್ಲಿ ಇಂಗಾಲಕ್ಕೆ ಅಂಟಿದ ಕ್ಲೋರಿನ್ ಇದೆ. ಕಾರ್ಬನ್ ಟೆಟ್ರಾಕ್ಲೋರೈಡನ್ನು ಮುರಿಯುವ ಬೆಳ್ಳಿ ಇವನ್ನೂ ಮುರಿಯಬಾರದೇಕೆ?

ಕಾಸರಗೋಡಿನ ಕನ್ನಡಿಗರಿಗೆ, ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ಕಡೆಯವರಿಗೆ ಈ ಪಟ್ಟಿಯ ಇನ್ನೊಂದು ಹೆಸರನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷವರ್ಷವೂ ಸುರಿದದ್ದು ಎಂಡೋಸಲ್ಫಾನ್. ಪಡ್ರೆಯ ವೈದ್ಯ ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಮೊದಲು ಕೂಗಿ ಹೇಳಿದಾಗ ಕೇಳಿಸಿಕೊಂಡವರು ಕಡಿಮೆ. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರಲ್ಲಿ. ಕೊಕ್ಕಡದ ಸುತ್ತಮುತ್ತ ಹಾಸಿಗೆ ಹಿಡಿದ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು. ಪ್ರದೀಪ್ ಅವರ ತಂಡ 2003ರಲ್ಲೇ ಎಂಡೋಸಲ್ಫಾನನ್ನು ಚಿನ್ನದ ನ್ಯಾನೋ ಕಣಗಳಿಂದ ಪತ್ತೆ ಹಚ್ಚುವ ಬಗೆಯನ್ನು ತೋರಿಸಿತು. ನೀರಿನಲ್ಲಿ ಚದುರಿದ ಚಿನ್ನದ ಕಣಗಳು ಕೆಂಪಗೆ, ದ್ರಾಕ್ಷಾರಸದ ಬಣ್ಣದಲ್ಲಿ ಕಾಣುತ್ತವೆ. ಎಂಡೋಸಲ್ಫಾನ್ ಬಂದು ಅಂಟಿದಾಗ ಕಣಗಳು ಒಂದಕ್ಕೊಂದು ಹತ್ತಿರವಾಗಿ ಬಣ್ಣ ನೀಲಿಯತ್ತ ಹೊರಳುತ್ತದೆ. ಕಣ್ಣಿಗೆ ಕಾಣದ ವಿಷಕ್ಕೆ ಕಣ್ಣಿಗೆ ಕಾಣುವ ಗುರುತು ಕೊಡುವ ಈ ಯೋಚನೆ, ನನ್ನ ಮಟ್ಟಿಗೆ, ಮುಂದೆ ಬಂದ ಹಲವು ದೊಡ್ಡ ಪ್ರಶಸ್ತಿಗಳಿಗಿಂತ ಹೆಚ್ಚು ತೂಕದ್ದು.

ತಲಪ್ಪಿಲ್ ಪ್ರದೀಪ್ ಹುಟ್ಟಿದ್ದು 1963ರಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯ ಪಂದಾವೂರಿನಲ್ಲಿ. ಅಪ್ಪ, ಅಮ್ಮ ಇಬ್ಬರೂ ಶಾಲಾ ಮಾಸ್ತರರು. ತ್ರಿಶೂರಿನಲ್ಲಿ ಬಿಎಸ್ಸಿ, ಕೋಝಿಕ್ಕೋಡಿನ ಫಾರೂಕ್ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿ 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸಿ.ಎನ್.ಆರ್. ರಾವ್ ಮತ್ತು ಎಂ.ಎಸ್. ಹೆಗ್ಡೆ ಅವರ ಕೈಕೆಳಗೆ ಪಿಎಚ್‌ಡಿ. ಆಮೇಲೆ ಅಮೆರಿಕದ ಬರ್ಕ್ಲಿ, ಪರ್ಡ್ಯೂಗಳಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ 1993ರಲ್ಲಿ ಮದ್ರಾಸ್ ಐಐಟಿ ಸೇರಿದರು. ಅಲ್ಲಿಂದ ಮುಂದಿನದೆಲ್ಲ ಚೆನ್ನೈಯಲ್ಲೇ. ಹೊರಗಿನವರಿಗೆ ಕಡಿಮೆ ಗೊತ್ತಿರುವ ಸಂಗತಿ ಇನ್ನೊಂದಿದೆ. ನ್ಯಾನೋ ತಂತ್ರಜ್ಞಾನದ ಬಗ್ಗೆ ಅವರು ಮಲಯಾಳದಲ್ಲಿ ಬರೆದ ಪುಸ್ತಕಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿದೆ. ನೂರಾರು ಸಂಶೋಧನಾ ಪ್ರಬಂಧಗಳ ನಡುವೆ ಊರಿನ ಶಾಲೆಯ ಮಕ್ಕಳ ಭಾಷೆಯಲ್ಲಿ ಒಂದು ಪುಸ್ತಕ ಬರೆಯಲು ಬಿಡುವು ಮಾಡಿಕೊಂಡ ರಸಾಯನ ವಿಜ್ಞಾನಿಗಳು ನಮ್ಮಲ್ಲಿ ಎಷ್ಟು ಮಂದಿ?

ಕೀಟನಾಶಕದ ಕೆಲಸ ಪ್ರಯೋಗಾಲಯದಲ್ಲೇ ಕೂರಲಿಲ್ಲ. ಬೆಳ್ಳಿಯ ನ್ಯಾನೋ ಕಣಗಳನ್ನು ಆಧಾರವಾಗಿಟ್ಟ ಮನೆಬಳಕೆಯ ನೀರಿನ ಫಿಲ್ಟರನ್ನು 2007ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. ನೀರಿನಲ್ಲಿ ಕರಗಿದ ಕೀಟನಾಶಕವನ್ನು ಲೋಹದ ನ್ಯಾನೋ ಕಣಗಳಿಂದ ತೆಗೆಯುವ ಫಿಲ್ಟರು ಹೀಗೆ ಅಂಗಡಿಗೆ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಬೇರೆಯವರಾದರೆ ಇಲ್ಲಿಗೆ ಕಥೆ ಮುಗಿಯಿತೆಂದು ಹೊಸ ವಿಷಯಕ್ಕೆ ಹೋಗುತ್ತಿದ್ದರೇನೋ. ಈ ತಂಡ ಹಿಂತಿರುಗಿ ಒಂದು ತಕರಾರಿನ ಪ್ರಶ್ನೆ ಕೇಳಿತು: ಮುರಿದ ಕೀಟನಾಶಕ ಏನಾಗುತ್ತದೆ?

ಕಾರ್ಬನ್ ಟೆಟ್ರಾಕ್ಲೋರೈಡಿನದು ಸರಳ ಲೆಕ್ಕ, ಮುರಿದರೆ ಮಸಿ ಮತ್ತು ಲವಣ. ಕ್ಲೋರ್‌ಪೈರಿಫಾಸ್ ಹಾಗಲ್ಲ, ಅದು ದೊಡ್ಡ ಅಣು. 2012ರಲ್ಲಿ ಎಂ.ಎಸ್. ಬೂತರಾಜು ಮತ್ತು ಪ್ರದೀಪ್ ಅದರ ಜಾಡು ಹಿಡಿದು ಹೋದರು. ಬೆಳ್ಳಿಯ ಮೈ ಮೇಲೆ ಕ್ಲೋರ್‌ಪೈರಿಫಾಸ್ ಎರಡು ಹೋಳಾಗುತ್ತದೆ. ಒಂದು ಹೋಳು ಮೂರು ಕ್ಲೋರಿನ್ ಹೊತ್ತ ಪಿರಿಡಿನಾಲ್, ಇನ್ನೊಂದು ಗಂಧಕ, ರಂಜಕ ಇರುವ ಚಿಕ್ಕ ಅಣು. ಮೂಲ ವಿಷ ಹೋಯಿತು ನಿಜ, ಆದರೆ ಅದು ಗಾಳಿಯಲ್ಲಿ ಮಾಯವಾಗಲಿಲ್ಲ. ಹೋಳುಗಳನ್ನು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ ಫಿಲ್ಟರಿನೊಳಗೇ ಇರಬೇಕು. ‘ಶೇಕಡಾ ನೂರು ತೆಗೆಯುತ್ತದೆ’ ಎಂದು ಜಾಹೀರಾತು ಹೇಳಿದಾಗ ತೆಗೆದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಕೇಳಬೇಕಾದದ್ದು ಅದನ್ನೇ.

ಇದಕ್ಕಿಂತ ದೊಡ್ಡ ತಕರಾರು ಬೆಳ್ಳಿಯದೇ.

ಆ ಹೊತ್ತಿಗೆ ಜಗತ್ತಿನಲ್ಲಿ ನ್ಯಾನೋ ಬೆಳ್ಳಿಯ ಹುಚ್ಚು ಹಿಡಿದಿತ್ತು. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ವಾಸನೆ ತಡೆಯುತ್ತದೆ. ಅಷ್ಟು ಸಾಕಾಯಿತು, ಕಾಲುಚೀಲ, ಟೂತ್‌ಬ್ರಷ್, ಆಟಿಕೆ, ಬಟ್ಟೆ ತೊಳೆಯುವ ಯಂತ್ರ ಎಲ್ಲದಕ್ಕೂ ಬೆಳ್ಳಿ ಸೇರಿತು. ಬೆಳ್ಳಿಯ ಅಯಾನುಗಳನ್ನು ಬಿಡುವ ವಾಷಿಂಗ್ ಮೆಷೀನನ್ನು ಕೀಟನಾಶಕದ ಕಾನೂನಿನಡಿ ತರಬೇಕು ಎಂದು 2006ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತೀರ್ಮಾನಿಸಿತು. ಬಟ್ಟೆ ಒಗೆಯುವ ಯಂತ್ರ ಕೀಟನಾಶಕವೇ ಎಂದು ನಕ್ಕವರಿದ್ದರು. ಆದರೆ ಕೊಲ್ಲುವುದೇ ಅದರ ಕೆಲಸವೆಂದು ಮಾರುವವರೇ ಹೇಳುತ್ತಿದ್ದಾಗ ಕಾನೂನು ಬೇರೇನು ಹೇಳಬೇಕಿತ್ತು? 2008ರಲ್ಲಿ ಅರಿಜೋನಾದ ಇಬ್ಬರು ಸಂಶೋಧಕರು ಆರು ಬಗೆಯ ಕಾಲುಚೀಲಗಳನ್ನು ತೊಳೆದು ತೊಳೆದು ನೋಡಿದರು. ಕೆಲವು ಚೀಲಗಳು ನಾಲ್ಕೇ ಸಲಕ್ಕೆ ತಮ್ಮ ಬೆಳ್ಳಿಯನ್ನು ಬಹುಪಾಲು ನೀರಿಗೆ ಬಿಟ್ಟಿದ್ದವು. ವಾಸನೆ ಹೋಗಲೆಂದು ಹಾಕಿದ ಬೆಳ್ಳಿ ಚರಂಡಿಗೆ ಹೋಗಿತ್ತು.

ಚರಂಡಿಯಲ್ಲಿ ಏನಾಗುತ್ತದೆ ಎಂಬುದೂ ಸ್ವಾರಸ್ಯದ ರಸಾಯನವೇ. ಕೊಳಚೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಂಧಕ ಧಾರಾಳ. ಬೆಳ್ಳಿಗೆ ಗಂಧಕವೆಂದರೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಅದರಿಂದಲೇ. ಕೊಳಚೆಯೊಳಗೆ ನ್ಯಾನೋ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಸಂಸ್ಕರಣಾ ಘಟಕದ ಕೆಸರಿನಲ್ಲಿ ಸಿಲ್ವರ್ ಸಲ್ಫೈಡಿನ ನ್ಯಾನೋ ಕಣಗಳನ್ನು ವರ್ಜೀನಿಯಾ ಟೆಕ್‌ನ ತಂಡ 2010ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡಿತು. ಇದು ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು, ಹಾಗಾಗಿ ವಿಷವೂ ಕಡಿಮೆ. ಸಮಾಧಾನದ ಮಾತು. ಆದರೆ ಕೊಳಚೆ ಸಂಸ್ಕರಣೆಯೇ ಇಲ್ಲದ ಊರಿನಲ್ಲಿ ಬೆಳ್ಳಿ ನೇರವಾಗಿ ಕೆರೆಗೆ ಹೋದರೆ?

ಇದಕ್ಕೂ ಪ್ರಯೋಗ ನಡೆದಿದೆ. ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳ ಒಂದು ಪ್ರದೇಶವಿದೆ. ಅಲ್ಲಿ 222 ಎಂಬ ಸಂಖ್ಯೆಯ ಸರೋವರಕ್ಕೆ 2014 ಮತ್ತು 2015ರಲ್ಲಿ ನ್ಯಾನೋ ಬೆಳ್ಳಿಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಬಂದರು. ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಲಿಲ್ಲ. ಆದರೆ ಹಳದಿ ಪರ್ಚ್ ಮೀನುಗಳ ಸಂಖ್ಯೆ ಇಳಿಯಿತು, ಅವು ತಿನ್ನುವುದು ಕಡಿಮೆಯಾಯಿತು, ಅವನ್ನು ತಿನ್ನುವ ಪೈಕ್ ಮೀನಿನ ಯಕೃತ್ತಿನಲ್ಲಿ ಬೆಳ್ಳಿ ಸೇರಿಕೊಂಡಿತು. ಇಂಥ ಹಾನಿ ಸುದ್ದಿಯಾಗುವುದಿಲ್ಲ. ಎಣಿಸುವವರಿಲ್ಲದಿದ್ದರೆ ಗೊತ್ತೂ ಆಗುವುದಿಲ್ಲ.

ಈ ಹಿನ್ನೆಲೆಯಲ್ಲಿ 2013ರ ಕೆಲಸವನ್ನು ನೋಡಬೇಕು. ಆ ವರ್ಷ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರದೀಪ್ ತಂಡ ಹೊಸ ಫಿಲ್ಟರ್ ವಸ್ತುವೊಂದನ್ನು ವಿವರಿಸಿತು. ಬೆಳ್ಳಿಯನ್ನು ನೀರಿಗೆ ಬಿಡದೆ ಪಂಜರದೊಳಗೆ ಕೂರಿಸುವುದು ಅದರ ಜಾಣ್ಮೆ. ಪಂಜರದ ಸಾಮಗ್ರಿ ಎರಡು. ಒಂದು ಅಲ್ಯೂಮಿನಿಯಂ ಆಕ್ಸಿಹೈಡ್ರಾಕ್ಸೈಡ್. ಇನ್ನೊಂದು ಕೈಟೊಸಾನ್, ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ತೆಗೆಯುವ ನಾರಿನಂಥ ಪದಾರ್ಥ. ಕೋಣೆಯ ಉಷ್ಣಾಂಶದಲ್ಲಿ, ನೀರಿನಲ್ಲೇ ಇವೆರಡನ್ನೂ ಹೆಣೆದರೆ ಮರಳಿನಂಥ ಗಟ್ಟಿ ಹರಳು ಸಿಗುತ್ತದೆ. ಬೆಳ್ಳಿಯ ಕಣ ಅದರೊಳಗೆ ಭದ್ರ. ಕಣ ಹೊರಬರುವುದಿಲ್ಲ, ಅದರ ಅಯಾನು ಮಾತ್ರ ತೊಟ್ಟು ತೊಟ್ಟಾಗಿ ಬರುತ್ತದೆ.

ಎಷ್ಟು ಬರಬೇಕು ಎಂಬುದೇ ಇಲ್ಲಿನ ಸೂಕ್ಷ್ಮ. ಕಡಿಮೆ ಬಂದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಹೆಚ್ಚು ಬಂದರೆ ಕುಡಿಯುವವರಿಗೆ ತೊಂದರೆ. ಕುಡಿಯುವ ನೀರಿನಲ್ಲಿ ಬೆಳ್ಳಿಗೆ ಹಾಕಿರುವ ಮಿತಿ ಲೀಟರಿಗೆ 100 ಮೈಕ್ರೋಗ್ರಾಂ. ಈ ಹರಳು ಬಿಡುವುದು ಅದರ ಅರ್ಧದ ಆಸುಪಾಸು, ಅದೂ ದಿನ ಕಳೆದಂತೆ ಕಡಿಮೆಯಾಗದೆ. ಮಾಮೂಲಿ ಬೆಳ್ಳಿ ಕಣದ ಮೇಲೆ ನೀರಿನ ಲವಣಗಳು ಕಿಟ್ಟ ಕಟ್ಟಿ ಕೆಲವೇ ದಿನಗಳಲ್ಲಿ ಅದರ ಬಾಯಿ ಮುಚ್ಚಿಬಿಡುತ್ತಿದ್ದವು. ಪಂಜರ ಆ ಕಿಟ್ಟವನ್ನೂ ದೂರವಿಟ್ಟಿತು. ಒಂದು ಸಂಸಾರಕ್ಕೆ ವರ್ಷಕ್ಕೆ ಎರಡೂವರೆ ಡಾಲರ್, ಆಗಿನ ದರದಲ್ಲಿ ನೂರೈವತ್ತು ರೂಪಾಯಿಯ ಆಸುಪಾಸಿನ ಖರ್ಚು ಎಂದು ಅವರು ಲೆಕ್ಕ ಕೊಟ್ಟರು. ಕಾಲುಚೀಲದ ಬೆಳ್ಳಿಗೂ ಈ ಬೆಳ್ಳಿಗೂ ಇರುವ ಅಂತರ ಲೋಹದಲ್ಲಿಲ್ಲ. ಮಾಡಿದವರು ಕೆಲಸ ಮುಗಿದ ಮೇಲಿನ ಗತಿಯನ್ನು ಯೋಚಿಸಿದ್ದಾರೋ ಇಲ್ಲವೋ ಎಂಬುದರಲ್ಲಿದೆ.

ಪಂಜರದ ಉಪಾಯ ನಿಜವಾಗಿ ಫಲ ಕೊಟ್ಟದ್ದು ಆರ್ಸೆನಿಕ್ ವಿಷಯದಲ್ಲಿ. ಅದಕ್ಕೆ ಬಂಗಾಳಕ್ಕೆ ಹೋಗಬೇಕು.

ಗಂಗೆಯ ಮುಖಜಭೂಮಿಯಲ್ಲಿ ಕೆರೆ ಹೊಂಡಗಳ ನೀರು ಕುಡಿದು ಕಾಲರಾ, ಭೇದಿಗೆ ಸಾಯುತ್ತಿದ್ದ ಜನರಿಗೆ ಕೊಳವೆಬಾವಿ ಕೊರೆದು ಕೊಟ್ಟದ್ದು ಉಪಕಾರವೆಂದೇ. ಲಕ್ಷಾಂತರ ಕೈಪಂಪುಗಳು ಬಂದವು. 1983ರ ಹೊತ್ತಿಗೆ ಕಲ್ಕತ್ತಾದ ಚರ್ಮವೈದ್ಯ ಕೆ.ಸಿ. ಸಾಹಾ ಅವರ ಬಳಿಗೆ ಅಂಗೈ, ಅಂಗಾಲು ಗಂಟುಗಟ್ಟಿದ, ಮೈಮೇಲೆ ಮಳೆಹನಿ ಬಿದ್ದಂತೆ ಕಲೆಗಳಿದ್ದ ಹಳ್ಳಿಗರು ಬರತೊಡಗಿದ್ದರು. ಕಾರಣ ಕೊಳವೆಬಾವಿಯ ನೀರಿನ ಆರ್ಸೆನಿಕ್. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅದನ್ನು ಹಳ್ಳಿ ಹಳ್ಳಿ ಸುತ್ತಿ ಅಳೆದು ಜಗತ್ತಿನ ಮುಂದಿಟ್ಟರು.

ಆರ್ಸೆನಿಕ್ ಬಂದದ್ದು ಯಾವ ಕಾರ್ಖಾನೆಯಿಂದಲೂ ಅಲ್ಲ. ಹಿಮಾಲಯದಿಂದ ಇಳಿದು ಬಂದ ಮಣ್ಣಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ತೆಳುವಾದ ಲೇಪವಿರುತ್ತದೆ. ಆ ತುಕ್ಕು ಸಾವಿರಾರು ವರ್ಷ ಆರ್ಸೆನಿಕನ್ನು ಅಂಟಿಸಿಕೊಂಡು ಕೂತಿತ್ತು. ನೆಲದಾಳದಲ್ಲಿ ಕೊಳೆತ ಸಸ್ಯಗಳನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕ ಮುಗಿದಾಗ ಈ ತುಕ್ಕನ್ನೇ ಉಸಿರಾಟಕ್ಕೆ ಬಳಸುತ್ತವೆ. ತುಕ್ಕು ಕರಗುತ್ತದೆ, ಹಿಡಿದಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ನಾವು ಕೊಳವೆ ಇಳಿಸಿ ಅದನ್ನು ಮೇಲಕ್ಕೆತ್ತಿದೆವು.

ಈ ತುಕ್ಕಿನ ಒಂದು ರೂಪದ ಹೆಸರು ಫೆರಿಹೈಡ್ರೈಟ್. ನಿಸರ್ಗದಲ್ಲಿ ತಾನೇ ತಾನಾಗಿ ಹುಟ್ಟುವ ನ್ಯಾನೋ ಖನಿಜ ಇದು. ಕಣದ ಗಾತ್ರ ಕೆಲವೇ ನ್ಯಾನೋಮೀಟರ್. ಎಕ್ಸ್ ಕಿರಣ ಹಾಯಿಸಿದರೆ ಒಳ್ಳೆಯ ಹರಳು ಹತ್ತಾರು ಚೂಪಾದ ಗೆರೆಗಳನ್ನು ತೋರಿಸುತ್ತದೆ. ಫೆರಿಹೈಡ್ರೈಟಿನ ಅತಿ ಚಿಕ್ಕ ಕಣ ಮಸುಕಾದ ಎರಡೇ ಗೆರೆ ತೋರಿಸುತ್ತದೆ, ಅಷ್ಟು ಅಸ್ತವ್ಯಸ್ತ ಅದರ ಒಳಗು. ಆ ಅಸ್ತವ್ಯಸ್ತತೆಯಿಂದಲೇ ಆರ್ಸೆನಿಕ್ ಹಿಡಿಯುವ ಜಾಗಗಳು ಅದರ ಮೈಮೇಲೆ ಧಾರಾಳ. ಆರ್ಸೆನಿಕ್ ನೀರಿನಲ್ಲಿ ಎರಡು ವೇಷದಲ್ಲಿರುತ್ತದೆ. ಒಂದಕ್ಕೆ ಋಣ ವಿದ್ಯುದಂಶವಿದೆ, ಹಿಡಿಯುವುದು ಸುಲಭ. ಇನ್ನೊಂದಕ್ಕೆ ಯಾವ ಅಂಶವೂ ಇಲ್ಲ, ಹೆಚ್ಚಿನ ಫಿಲ್ಟರುಗಳ ಕಣ್ಣು ತಪ್ಪಿಸುವುದು ಅದೇ, ಹೆಚ್ಚು ವಿಷಕಾರಿಯೂ ಅದೇ. ಫೆರಿಹೈಡ್ರೈಟ್ ಎರಡನ್ನೂ ಹಿಡಿಯುತ್ತದೆ. ಆದರೆ ಅದರ ಆಯುಷ್ಯ ಕಡಿಮೆ. ಹಾಗೇ ಬಿಟ್ಟರೆ ಕ್ರಮೇಣ ಗೋಥೈಟ್, ಹೆಮಟೈಟ್ ಎಂಬ ಅಚ್ಚುಕಟ್ಟಾದ ಹರಳಾಗಿ ಬದಲಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಪ್ರದೀಪ್ ತಂಡ ಅದನ್ನು ಕೈಟೊಸಾನಿನ ಎಳೆಗಳ ನಡುವೆ ಬಿಗಿಯಾಗಿ ಕೂರಿಸಿ ಹರಳುಗಟ್ಟದಂತೆ ತಡೆಯಿತು. ಮಿಸುಕಾಡಲು ಜಾಗವಿಲ್ಲದ ಕಣ ತನ್ನ ಅಸ್ತವ್ಯಸ್ತ ಸ್ಥಿತಿಯಲ್ಲೇ ಉಳಿಯಿತು. 2017ರಲ್ಲಿ ಅದರ ವಿವರ ಪ್ರಕಟವಾಯಿತು. ‘ಅಮೃತ್’ ಎಂದು ಹೆಸರಿಟ್ಟ ಈ ವಿಧಾನದ ಘಟಕಗಳು ಪಶ್ಚಿಮ ಬಂಗಾಳದಲ್ಲಿ, ಪಂಜಾಬ್ ಮೊದಲಾದ ರಾಜ್ಯಗಳಲ್ಲಿ ಕೆಲಸ ಮಾಡುತ್ತಿವೆ. ಲೀಟರಿಗೆ ತಗಲುವುದು ಕೆಲವೇ ಪೈಸೆ, ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ನೀರು ಕುಡಿಯುತ್ತಿದ್ದಾರೆ ಎಂಬುದು ತಂಡದ ಲೆಕ್ಕ. ನೆಲದಡಿಯ ಸೂಕ್ಷ್ಮಜೀವಿಗಳು ತುಕ್ಕು ಕರಗಿಸಿ ಬಿಟ್ಟ ವಿಷವನ್ನು ಮೇಲೆ ಕೂತ ರಸಾಯನ ವಿಜ್ಞಾನಿಗಳು ಅದೇ ತುಕ್ಕಿಗೆ ಮತ್ತೆ ಕಟ್ಟಿಹಾಕಿದರು. ಇಷ್ಟು ಅಂದವಾದ ರಸಾಯನವನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

ಈಗ ಮತ್ತೆ ಅದೇ ತಕರಾರು. ಆರ್ಸೆನಿಕ್ ತುಂಬಿಕೊಂಡ ಹಳೆಯ ಹರಳು ಎಲ್ಲಿಗೆ ಹೋಗುತ್ತದೆ? ತಿಪ್ಪೆಯ ಸ್ಥಿತಿಯನ್ನು ಅನುಕರಿಸುವ ಆಮ್ಲದಲ್ಲಿ ಅಲುಗಾಡಿಸಿ ಎಷ್ಟು ವಿಷ ಸೋರುತ್ತದೆಂದು ಅಳೆಯುವ ಪರೀಕ್ಷೆಯೊಂದಿದೆ. ಬಳಸಿದ ಹರಳು ಅದರಲ್ಲಿ ಪಾಸಾಗಿದೆ. ಆದರೆ ಆ ಪರೀಕ್ಷೆ ಹೇಳುವುದು ಇಂದಿನ ಮಾತು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಅದನ್ನು ಹೂತರೆ ಮೊದಲಿನ ಸೂಕ್ಷ್ಮಜೀವಿಗಳು ಮೊದಲಿನ ಕೆಲಸವನ್ನೇ ಮತ್ತೆ ಮಾಡಬಲ್ಲವು. ಹಾಗಾಗಿ ಹಳೆಯ ಹರಳನ್ನು ಊರೂರಿನಿಂದ ತಿರುಗಿ ಸಂಗ್ರಹಿಸಿ, ಒಣಗಿದ, ಭದ್ರವಾದ ಜಾಗದಲ್ಲಿ ಇಡುವ ಏರ್ಪಾಟು ಫಿಲ್ಟರಿನಷ್ಟೇ ಮುಖ್ಯ. ಇದು ರಸಾಯನ ವಿಜ್ಞಾನಿಯ ಕೈಯಲ್ಲಿಲ್ಲ. ಪಂಚಾಯಿತಿಯ, ಗುತ್ತಿಗೆದಾರರ, ನಿರ್ವಹಣೆಯ ಹಣದ ಕೈಯಲ್ಲಿದೆ. ಉದ್ಘಾಟನೆಗೆ ದುಡ್ಡು ಸಿಕ್ಕಷ್ಟು ಸುಲಭವಾಗಿ ನಿರ್ವಹಣೆಗೆ ಸಿಗುವುದಿಲ್ಲ ಎಂಬುದು ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳ ಮುಂದೆ ನಿಂತವರಿಗೆಲ್ಲ ಗೊತ್ತು. ನಮ್ಮಲ್ಲಿ ಹೆಚ್ಚಾಗಿರುವುದು ಆರ್‌ಒ ಘಟಕಗಳು. ಒಳ್ಳೆಯ ನೀರು ಕೊಡದಲ್ಲಿ ಬೀಳುತ್ತದೆ, ಉಳಿದ ಉಪ್ಪು, ಫ್ಲೋರೈಡ್ ಎಲ್ಲ ದಟ್ಟವಾದ ನೀರು ಪಕ್ಕದ ಚರಂಡಿ ಸೇರುತ್ತದೆ. ಅಲ್ಲೂ ಅದೇ ಪ್ರಶ್ನೆ, ಕೇಳುವವರಿಲ್ಲ.

ಪ್ರದೀಪ್ ಅವರ ಕುತೂಹಲ ಇಷ್ಟಕ್ಕೇ ನಿಂತಿಲ್ಲ. ಸಕ್ಕರೆಯಂಥ ಪದಾರ್ಥಗಳ ನೀರಿನಲ್ಲಿ ಬೆಳ್ಳಿಯನ್ನಿಟ್ಟು 70 ಡಿಗ್ರಿಗೆ ಬಿಸಿ ಮಾಡಿದರೆ ಬೆಳ್ಳಿ ಅಯಾನಾಗಿ ಕರಗಿ ಬರುತ್ತದೆ ಎಂದು ಅವರ ತಂಡ ತೋರಿಸಿದೆ. ಬೆಳ್ಳಿ ಬಟ್ಟಲಲ್ಲಿ ಬಿಸಿ ಪಾಯಸ ಇಡುವವರು ಗಾಬರಿಯಾಗಬೇಕಿಲ್ಲ, ಆದರೆ ಬೆಳ್ಳಿ ಯಾವುದಕ್ಕೂ ಬಗ್ಗದ ಲೋಹ ಎಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಬಹುದು. ಬಂಗಾಳದ ‘ಗರೀಬ್ ಸಾಲ್’ ಎಂಬ ನಾಟಿ ಭತ್ತ ಮಣ್ಣಿನಲ್ಲಿರುವ ಅತ್ಯಲ್ಪ ಬೆಳ್ಳಿಯನ್ನು ಹೀರಿ ಅಕ್ಕಿಯ ತೌಡಿನ ಪದರದಲ್ಲಿ ಕೂಡಿಡುತ್ತದೆ ಎಂಬುದನ್ನು, ನಾಟಿ ತಳಿಗಳ ರಕ್ಷಕ ದೇವಲ್ ದೇವ್ ಅವರ ಜೊತೆ ಸೇರಿ 2017ರಲ್ಲಿ ವರದಿ ಮಾಡಿದರು. ಆ ಭತ್ತ ಯಾಕೆ ಹಾಗೆ ಮಾಡುತ್ತದೋ, ಅದೇ ಒಂದು ಅಧ್ಯಾಯವಾದೀತು.

ಎಲ್ಲಕ್ಕಿಂತ ಅಚ್ಚರಿಯದು 2024ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬಿ.ಕೆ. ಸ್ಫೂರ್ತಿ ಮೊದಲ ಲೇಖಕಿ. ಸ್ಫಟಿಕ ಶಿಲೆಯ ಮತ್ತು ಮಾಣಿಕ್ಯದ ಕೆಲವೇ ಮೈಕ್ರೋಮೀಟರ್ ಗಾತ್ರದ ಪುಡಿಯನ್ನು ನೀರಿನಲ್ಲಿ ಕದಡಿ, ವಿದ್ಯುದಂಶವಿರುವ ಸೂಕ್ಷ್ಮ ಹನಿಗಳಾಗಿ ಸಿಂಪಡಿಸಿದರು. ಹನಿ ಗಾಳಿಯಲ್ಲಿ ಹಾರುವ ದೂರ ಒಂದೆರಡು ಸೆಂಟಿಮೀಟರ್, ತಗಲುವ ಹೊತ್ತು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು. ಅಷ್ಟರೊಳಗೆ ಕಲ್ಲಿನ ಪುಡಿ ಒಡೆದು 5ರಿಂದ 10 ನ್ಯಾನೋಮೀಟರಿನ ಕಣಗಳಾಗಿತ್ತು. ಮಾಣಿಕ್ಯದ ಗಡಸುತನ ಗೊತ್ತಿದ್ದವರಿಗೆ ಇದನ್ನು ನಂಬುವುದು ಕಷ್ಟ. ಹನಿಯೊಳಗಿನ ಪ್ರೋಟಾನುಗಳು ಮತ್ತು ವಿದ್ಯುದಂಶ ಹರಳಿನ ಪದರಗಳನ್ನು ಹೇಗೆ ಜಾರಿಸಿ ಒಡೆಯುತ್ತವೆ ಎಂಬ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬಿಡಿಸಿದವರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಉಮೇಶ್ ವಾಘಮಾರೆ ಒಬ್ಬರು. ಆ ಕೇಂದ್ರ ಕಟ್ಟಿದ್ದು ಪ್ರದೀಪ್ ಅವರ ಗುರು ಸಿ.ಎನ್.ಆರ್. ರಾವ್.

ಮೋಡದಲ್ಲಿ, ಸಮುದ್ರದ ಅಲೆಯ ತುಂತುರಿನಲ್ಲಿ ವಿದ್ಯುದಂಶವಿರುವ ಹನಿಗಳಿಗೇನೂ ಕೊರತೆಯಿಲ್ಲ, ಧೂಳಿಗೂ ಇಲ್ಲ. ಬಂಡೆ ಮಣ್ಣಾಗಲು ಯುಗಗಳೇ ಬೇಕು ಎಂದು ಓದಿಕೊಂಡು ಬಂದಿದ್ದೇವೆ. ಅದರ ಒಂದು ಪಾಲು ನಮ್ಮ ತಲೆಯ ಮೇಲೆ ಕ್ಷಣಮಾತ್ರದಲ್ಲಿ ನಡೆಯುತ್ತಿರಬಹುದು. ಭತ್ತ ಸೆಟೆದು ನಿಲ್ಲಲು ಬೇಕಾದ ಸಿಲಿಕಾ ಗದ್ದೆಗೆ ಬರುವ ದಾರಿಗಳಲ್ಲಿ ಇದೂ ಒಂದಿರಬಹುದು. ನ್ಯಾನೋ ಕಣವೆಂದರೆ ಕಾರ್ಖಾನೆಯ ಮಾಲು ಎಂಬ ತಿಳಿವಳಿಕೆಯನ್ನು ಈ ಪ್ರಯೋಗ ಬದಿಗೆ ಸರಿಸಿತು. ಹಾಗೆಂದು ಕಾರ್ಖಾನೆಯ ಕಣಗಳಿಗೆ ಪರವಾನಗಿ ಸಿಕ್ಕಂತಾಗಲಿಲ್ಲ. ಆರ್ಸೆನಿಕ್ ಕೂಡ ನಿಸರ್ಗದ್ದೇ ತಾನೆ?

ಪ್ರಶಸ್ತಿಗಳ ಮಾತು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ: 2008ರಲ್ಲಿ ಭಟ್ನಾಗರ್, 2020ರಲ್ಲಿ ಪದ್ಮಶ್ರೀ ಮತ್ತು ನಿಕ್ಕೀ ಏಷ್ಯಾ ಪ್ರಶಸ್ತಿ, 2022ರಲ್ಲಿ ಸೌದಿ ಅರೇಬಿಯಾದ ಪ್ರಿನ್ಸ್ ಸುಲ್ತಾನ್ ಜಲ ಪ್ರಶಸ್ತಿ. ವಿಜ್ಞಾನಿಯ ಪ್ರಭಾವವನ್ನು ಈಗ ಅಳೆಯುವುದು ಅವರ ಪ್ರಬಂಧವನ್ನು ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆ ಎಂಬ ಎಣಿಕೆಯಿಂದ. ಆ ಎಣಿಕೆಯಲ್ಲೂ ಪ್ರದೀಪ್ ಮುಂದಿದ್ದಾರೆ. ಆದರೆ ಕಾಲುಚೀಲಕ್ಕೆ ಬೆಳ್ಳಿ ಹಚ್ಚುವ ವಿದ್ಯೆಗೂ ಉಲ್ಲೇಖಗಳು ಸಾವಿರಗಟ್ಟಲೆ ಸಿಕ್ಕಿವೆ. ಪರಿಸರಕ್ಕೆ ಇಳಿಯುವ ವಸ್ತುವನ್ನು ಮಾಡುವವರನ್ನು ಬೇರೆ ಅಳತೆಯಿಂದ ಅಳೆಯಬೇಕು. ಕೆಲಸ ಮುಗಿದ ಮೇಲೆ ಆ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅವರ ಬಳಿ ಅಂಕಿಅಂಶ ಸಹಿತ ಉತ್ತರವಿದೆಯೆ? ಈ ತಂಡದ ಬಳಿ ಹೆಚ್ಚಿನ ಪಾಲಿಗೆ ಇದೆ.

ಆರ್ಸೆನಿಕ್ ಬಂಗಾಳದ ಕಾಯಿಲೆ ಎಂದುಕೊಂಡವರಿಗೆ ಒಂದು ಮಾತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಾರಿಕೆಯ ಮಂಗಳೂರು (ಕರಾವಳಿಯದಲ್ಲ) ಶಿಲಾಪಟ್ಟಿಯ ಮೇಲೆ ಬದುಕುವ ಜನರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದದ್ದು, ಅವರ ಚರ್ಮದ ಮೇಲೆ ಅದೇ ಗಂಟು, ಅದೇ ಕಲೆ ಕಾಣಿಸಿದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಅಧ್ಯಯನ ಮಾಡಿದವರಲ್ಲಿ ಅದೇ ದೀಪಂಕರ್ ಚಕ್ರವರ್ತಿ ಇದ್ದರು. ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್ ಖನಿಜವೂ ಜೊತೆಗಿರುವುದು ಭೂವಿಜ್ಞಾನಿಗಳಿಗೆ ಹೊಸತಲ್ಲ. ಸುರಪುರ, ಲಿಂಗಸುಗೂರು ಕಡೆಯ ಚಿನ್ನದ ನೆಲದ ಮೇಲೆ ಕೊಳವೆಬಾವಿ ನಂಬಿ ಬದುಕುವವರು ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ದಾಗ ಗಡಸುತನ, ಫ್ಲೋರೈಡ್, ನೈಟ್ರೇಟ್ ಜೊತೆಗೆ ಆರ್ಸೆನಿಕನ್ನೂ ಪರೀಕ್ಷಿಸಿ ಕೊಡಿ ಎಂದು ಹೆಸರು ಹೇಳಿ ಕೇಳಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಲಕ್ಷದಲ್ಲಿ ಒಂದು ಪಾಲು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ.